ಇಳಿದು ಬಾರದ ತೂಕ

“ಖಾಲಿ,” ಎಂದಳು ಲಿಫ್ಟಮ್ಮ. “ಆ ಬೆಳಿಗ್ಗೆ ಏಳನೇ ಮಹಡಿಯಿಂದ ಲಿಫ್ಟ್ ಇಳಿದಿರೋದು ಒಂದೇ ಸಲ. ಅದೂ ಖಾಲಿ.”

ಪತ್ತೇದಾರ ಕೊನೆಯ ಮೆಟ್ಟಿಲ ಮೇಲೆ ಕುಕ್ಕರಿಸಿಬಿಟ್ಟ. ಏಳು ಮಹಡಿ ಹತ್ತಿ ಏಳು ಮಹಡಿ ಇಳಿದು ಬಂದ ದಢೂತಿ ದೇಹ. ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಲಿಫ್ಟಿನ ಬಾಗಿಲು ಮುಚ್ಚಿಕೊಂಡರೆ ಸಾಕು, ಆ ಮನುಷ್ಯನಿಗೆ ಜೀವ ಬಾಯಿಗೆ ಬರುತ್ತಿತ್ತು. ಅದನ್ನು ಒಪ್ಪಿಕೊಳ್ಳದೆ, ಡಾಕ್ಟರು ನಡೆಯೋದಕ್ಕೆ ಹೇಳಿದ್ದಾರೆ ಎಂದು ಹೋದಲ್ಲೆಲ್ಲ ನೆಪ ಹೇಳುತ್ತಿದ್ದ. ಲಿಫ್ಟಮ್ಮ ನಂಬಿದವಳ ಹಾಗೆ ತಲೆಯಾಡಿಸಿದಳು.

ಮುದ್ರೆ ಕೆತ್ತುವ ಅಜ್ಜ ಈ ಕಟ್ಟಡದಿಂದ ಕಾಣೆಯಾಗಿ ವಾರ ಕಳೆದಿತ್ತು. ಹುಡುಕಿಕೊಡಿ ಎಂದು ಪತ್ತೇದಾರನನ್ನು ಗೊತ್ತುಮಾಡಿದವಳು ದೂರದಲ್ಲಿದ್ದ ಅವರ ಮಗಳು.

ಏಳನೇ ಮಹಡಿಯ ಮನೆಯಲ್ಲಿ ಅಜ್ಜನ ಜೊತೆಗಿದ್ದವನು ಅವರ ಅಣ್ಣನ ಮಗ. ಅವನು ಕೇಳಿದವರಿಗೆಲ್ಲ ಒಂದೇ ಮಾತು ಹೇಳಿದ್ದ. ಬೆಳಿಗ್ಗೆ ತಿಂಡಿಯಾದ ಮೇಲೆ ಚಿಕ್ಕಪ್ಪ ತಿರುಗಾಡಿ ಬರುತ್ತೇನೆ ಎಂದರು, ನಾನೇ ಕೈಹಿಡಿದು ಲಿಫ್ಟಿನೊಳಗೆ ಬಿಟ್ಟೆ, ಬಾಗಿಲು ಮುಚ್ಚುವಾಗ ನಗುತ್ತ ಕೈ ಬೀಸಿದರು ಎಂದು. ಹೇಳುವಾಗ ಪ್ರತಿ ಸಲವೂ ಅವನ ಕಣ್ಣಂಚು ಒದ್ದೆಯಾಗುತ್ತಿತ್ತು. ಇಲ್ಲವೆನ್ನುವುದಕ್ಕೆ ಸಾಕ್ಷಿಯೂ ಇರಲಿಲ್ಲ. ಕಟ್ಟಡದವರು ಕಾವಲುಗಾರನನ್ನು ಬಿಡಿಸಿ ಗೇಟಿಗೆ ನಂಬರಿನ ಬೀಗ ಹಾಕಿಸಿದ್ದರು.

ಇದ್ದದ್ದು ಲಿಫ್ಟ್ ಒಂದೇ. ಅದರ ಸಾಕ್ಷಿ ಕೇಳಬಹುದೆಂದು ಯಾರಿಗೂ ಹೊಳೆದಿರಲಿಲ್ಲ.

ಲಿಫ್ಟಮ್ಮ ಎಂದು ಅವಳಿಗೆ ಹೆಸರಿಟ್ಟವರು ಇಂಥ ಕಟ್ಟಡಗಳ ಜನವೇ. ಲಿಫ್ಟ್ ರಿಪೇರಿಯ ಅಂಗಡಿ ಅವಳ ಮಾವನವರು ಕಟ್ಟಿದ್ದು. ಗಂಡನಿಗೆ ಗ್ರೀಸಿನ ವಾಸನೆ ಆಗದು; ಅವರು ಮಕ್ಕಳಿಗೆ ಸಂಗೀತ ಹೇಳಿಕೊಡುವವರು. ಹೀಗಾಗಿ ಸ್ಪ್ಯಾನರು ಸೊಸೆಯ ಕೈಗೆ ಬಂತು. ಜೊತೆಗೆ ಮೈದುನನೊಬ್ಬ.

ಮೊದಮೊದಲು ಅವರ ಪಾಡು ನಾಯಿಪಾಡಾಗಿತ್ತು. ಎಲ್ಲೋ ಯಾರೋ ಲಿಫ್ಟಿನಲ್ಲಿ ಸಿಕ್ಕಿಕೊಂಡರು ಎಂದು ಫೋನು ಬಂದರೆ ಕಲಸಿದ ತುತ್ತು ಬಿಟ್ಟು ಓಡಬೇಕು. ಹೋಗಿ ನೋಡಿದರೆ ಬಾಗಿಲಿನ ಸಂದಿಯಲ್ಲಿ ಒಂದು ಕಲ್ಲಿನ ಚೂರು. ಹೋದ ವರ್ಷ ಲಿಫ್ಟಮ್ಮ ಹಟ ಹಿಡಿದು ತಾವು ನೋಡಿಕೊಳ್ಳುವ ಪ್ರತಿ ಲಿಫ್ಟಿಗೂ ಅಂಗೈಯಗಲದ ಒಂದು ಪೆಟ್ಟಿಗೆ ಕೂರಿಸಿದಳು. ಯಾವ ಬಾಗಿಲು ಮುಚ್ಚಲು ತಡಮಾಡುತ್ತಿದೆ, ಯಾವ ಮೋಟಾರು ಬಿಸಿಯೇರುತ್ತಿದೆ, ಎಲ್ಲ ಅವಳ ಫೋನಿಗೆ ಬಂದು ಬೀಳುತ್ತಿತ್ತು. ಕೆಟ್ಟ ಮೇಲೆ ಓಡುವ ಬದಲು ಕೆಡುವ ಮೊದಲೇ ಹೋಗಿ ಸರಿಮಾಡಿ ಬರುತ್ತಿದ್ದರು. ಅದೇ ಕೈಗಳು ಈಗ ಮೊದಲಿಗಿಂತ ದುಪ್ಪಟ್ಟು ಕಟ್ಟಡ ನೋಡಿಕೊಳ್ಳುತ್ತಿದ್ದವು. ಮೈದುನ ಕೂತು ಊಟ ಮಾಡುವುದನ್ನು ಮನೆಯವರು ಕಂಡದ್ದೇ ಆಮೇಲೆ.

ಮಾವನವರು ಮಾತ್ರ ಮೂಗು ಮುರಿದಿದ್ದರು. ಲಿಫ್ಟಿಗೆ ಏನಾಗಿದೆ ಅಂತ ಕಿವಿ ಹೇಳಬೇಕು, ಫೋನಲ್ಲ ಎಂಬುದು ಅವರ ವಾದ.

“ಖಾಲಿ ಅಂತ ಹೇಗೆ ಹೇಳ್ತೀರಿ?” ಪತ್ತೇದಾರ ಕೇಳಿದ.

ಪೆಟ್ಟಿಗೆ ಕೂತಿರುವುದು ಲಿಫ್ಟಿನೊಳಗಲ್ಲ, ಮೇಲೆ, ಉಕ್ಕಿನ ಹಗ್ಗದ ತುದಿಯಲ್ಲಿ ಎಂದು ಅವಳು ವಿವರಿಸಿದಳು. ಹಗ್ಗಕ್ಕೆ ಎಷ್ಟು ಭಾರ ಜೋತುಬಿದ್ದಿದೆಯೋ ಅಷ್ಟನ್ನೂ ಅದು ತೂಗುತ್ತದೆ. ಜಾಸ್ತಿ ಜನ ತುಂಬಿ ಹಗ್ಗ ಸವೆಯದಿರಲಿ ಎಂದು ಇಟ್ಟುಕೊಂಡ ಲೆಕ್ಕ ಅದು. ಯಾರು ಹತ್ತಿದರು ಎಂದು ಅದಕ್ಕೆ ಗೊತ್ತಾಗುವುದಿಲ್ಲ. ಎಷ್ಟು ಭಾರ, ಎಲ್ಲಿಂದ ಎಲ್ಲಿಗೆ, ಅಷ್ಟೇ.

“ಹಾಗಾದರೆ ಅಣ್ಣನ ಮಗ ಸುಳ್ಳು ಹೇಳ್ತಿದ್ದಾನೆ.”

“ಅವನ ಸುಳ್ಳು ಹಾಗಿರಲಿ. ಅದರ ಹಿಂದಿನ ಸಂಜೆ ನೋಡಿ.”

ಪತ್ತೇದಾರ ಕನ್ನಡಕವನ್ನು ಹಣೆಗೇರಿಸಿ ಫೋನಿಗೆ ಮುಖ ಹತ್ತಿಸಿದ. ಹಿಂದಿನ ಸಂಜೆ ಏಳನೇ ಮಹಡಿಯಿಂದ ಐವತ್ತೆರಡು ಕೆ.ಜಿ. ಇಳಿದಿತ್ತು. ಅಜ್ಜ ಸಣಕಲು ಆಳು. ಅವರ ಆಸ್ಪತ್ರೆಯ ಚೀಟಿಯಲ್ಲಿದ್ದ ತೂಕಕ್ಕೂ ಇದಕ್ಕೂ ತಾಳೆಯಾಗುತ್ತಿತ್ತು. ಆದರೆ ಆ ಭಾರ ನೆಲದವರೆಗೆ ಬಂದಿರಲಿಲ್ಲ. ನಡುವೆ ಒಂದು ಕಡೆ ನಿಂತು, ಅಲ್ಲಿಂದ ಮುಂದಕ್ಕೆ ಲಿಫ್ಟ್ ಬರಿದಾಗಿ ಬಂದಿತ್ತು.

“ನಾಲ್ಕನೇ ಮಹಡಿ,” ಎಂದಳು ಲಿಫ್ಟಮ್ಮ. “ಅಲ್ಲಿ ಇಳಿದ ತೂಕ ಇವತ್ತಿನವರೆಗೂ ಕೆಳಗೆ ಬಂದಿಲ್ಲ.”

“ನಾಲ್ಕನೇ ಮಹಡಿ ಬೀಗ ಹಾಕಿದೆಯಲ್ಲಮ್ಮ!”

ಅದೇ ಅವಳನ್ನು ಕೊರೆಯುತ್ತಿದ್ದದ್ದು. ನಾಲ್ಕನೇ ಮಹಡಿಯ ಹೊಲಿಗೆ ಕಾರ್ಖಾನೆ ಮುಚ್ಚಿ ಎಷ್ಟೋ ದಿನವಾಗಿತ್ತು. ಮಾಲೀಕರು ಹೇಳಿದರೆಂದು ಆ ಮಹಡಿಯ ಗುಂಡಿಯ ತಂತಿಯನ್ನು ಕಿತ್ತವಳು ಅವಳೇ. ಒತ್ತಿದರೆ ಅದು ಹತ್ತುವುದೇ ಇಲ್ಲ. ಅಲ್ಲಿ ಲಿಫ್ಟ್ ನಿಲ್ಲಬೇಕಾದರೆ ಒಳಗಿನ ಸಣ್ಣ ಮುಚ್ಚಳ ತೆರೆದು ಸರ್ವಿಸ್ ಕೀ ತಿರುಗಿಸಬೇಕು.

ಆದರೂ ಆವತ್ತಿನಿಂದ ದಿನಾ ಮಧ್ಯಾಹ್ನ ಲಿಫ್ಟ್ ಅಲ್ಲಿ ನಿಂತಿತ್ತು. ಹೋಗುವಾಗ ಒಬ್ಬ ಮನುಷ್ಯನ ಭಾರ ಮತ್ತು ಸ್ವಲ್ಪ ಹೆಚ್ಚು. ಬರುವಾಗ ಆ ಹೆಚ್ಚಿನದು ಇಲ್ಲ.

ಪತ್ತೇದಾರ ಗಲ್ಲ ಕೆರೆದುಕೊಂಡ. “ಎಷ್ಟು ಹೆಚ್ಚು?”

“ಒಂದು ಊಟದ ಕ್ಯಾರಿಯರ್, ಒಂದು ಕ್ಯಾನು ನೀರು. ಅಂದಾಜು ಅಷ್ಟು.”

ಇಬ್ಬರೂ ಮುಖ ಮುಖ ನೋಡಿಕೊಂಡರು. ಊಟ ಹೋಗುತ್ತಿದೆ ಎಂದರೆ ಉಣ್ಣುವವರು ಇದ್ದಾರೆ. ಲಿಫ್ಟಮ್ಮನಿಗೆ ಒಂದು ಕ್ಷಣ ಮನಸ್ಸು ಹಗುರಾಯಿತು. ಮರುಕ್ಷಣವೇ ಇನ್ನೊಂದು ಯೋಚನೆ ಬಂತು. ಸರ್ವಿಸ್ ಕೀಯ ಗೊಂಚಲು ಇದ್ದದ್ದು ಎರಡೇ. ಒಂದು ಅವಳ ಸೊಂಟದಲ್ಲಿತ್ತು.

“ಏನಾದರೂ ಗೊತ್ತಾಯ್ತಾ ಮೇಡಂ?”

ಬೆನ್ನ ಹಿಂದೆ ದನಿ ಕೇಳಿ ಅವಳು ತಿರುಗಿದಳು. ಮೆಟ್ಟಿಲಿನ ತಿರುವಿನಲ್ಲಿ ಅಜ್ಜನ ಅಣ್ಣನ ಮಗ ನಿಂತಿದ್ದ. ಇಸ್ತ್ರಿ ಮಾಡಿದ ಅಂಗಿ, ರಬ್ಬರಿನ ಅಡಿಯ ಶೂ. ಯಾವಾಗ ಇಳಿದು ಬಂದನೋ ಸದ್ದೇ ಆಗಿರಲಿಲ್ಲ. ಪತ್ತೇದಾರ, ಲಿಫ್ಟಿನ ಹಗ್ಗ ಬದಲಾಯಿಸಬೇಕಂತೆ ಎಂದು ಏನೋ ಒಂದು ಹೇಳಿ ಮಾತು ತೇಲಿಸಿದ. ಅವನು ತಲೆಯಾಡಿಸಿದ. ಬಿಸಿಲಿದೆ, ನೀರು ಕುಡಿದು ಹೋಗಿ ಎಂದು ಉಪಚಾರ ಮಾಡಿದ. ಇನ್ನೇನೂ ಕೇಳಲಿಲ್ಲ.

ಏನೂ ಕೇಳದೇ ಇದ್ದದ್ದೇ ಲಿಫ್ಟಮ್ಮನಿಗೆ ಸರಿಬರಲಿಲ್ಲ.

*

ಅಂಗಡಿ ಎರಡು ಬೀದಿ ಆಚೆಗಿತ್ತು. ಮೈದುನ ಹಳೆಯ ಬಾಗಿಲಿನ ರೋಲರೊಂದನ್ನು ಮೇಜಿನ ಮೇಲೆ ಬಿಚ್ಚಿ ಹರಡಿಕೊಂಡು ಸೀಮೆಎಣ್ಣೆಯಲ್ಲಿ ತೊಳೆಯುತ್ತಿದ್ದ. ಮಾವನವರ ಬೆತ್ತದ ಕುರ್ಚಿ ಖಾಲಿಯಿತ್ತು. ಊಟವಾದ ಮೇಲೆ ಅವರು ಪಾರ್ಕಿಗೆ ಹೋಗಿ ಬೆಂಚಿನ ಮೇಲೆ ಕೂತು ಬರುವುದು ಇತ್ತೀಚಿನ ರೂಢಿ.

ಪತ್ತೇದಾರನ ಜೊತೆ ನಡೆದ ದಾರಿಯುದ್ದಕ್ಕೂ ಲಿಫ್ಟಮ್ಮ ಮನಸ್ಸಿನಲ್ಲೇ ಮಾತು ಜೋಡಿಸಿಕೊಂಡು ಬಂದಿದ್ದಳು. ಅವನೆದುರು ನಿಂತಾಗ ಒಂದೂ ನೆನಪಾಗಲಿಲ್ಲ. ಮದುವೆಯಾಗಿ ಬಂದಾಗ ಶಾಲೆಗೆ ಹೋಗುತ್ತಿದ್ದವನು ಇವನು. ಇವನ ಟೈ ಕಟ್ಟಿ ಕಳಿಸಿದವಳು ತಾನು. ಮೆಕ್ಯಾನಿಕ್ಕರ ಕೀಯಿಂದ ಮುದುಕರೊಬ್ಬರನ್ನು ಬೀಗದ ಹಿಂದೆ ಇಟ್ಟಿದ್ದಾರೆ ಎಂದು ಸುದ್ದಿಯಾದರೆ ಯಾವ ಕಟ್ಟಡದವರೂ ಇನ್ನು ಮುಂದೆ ಗೇಟು ತೆರೆಯುವುದಿಲ್ಲ. ಅದು ಹೋದರೆ ಹೋಗಲಿ. ಇವನು ಹೋದರೆ?

“ನಿನ್ನ ಕೀಗೊಂಚಲು ಕೊಡು,” ಎಂದಳು.

ಸ್ಕೂಟರಿನಲ್ಲಿದೆ ಎಂದ. ಅವಳು ಸ್ಕೂಟರಿನ ಡಿಕ್ಕಿ ತೆರೆದು ನೋಡಿ ಬಂದಳು. ಹಾಗಾದರೆ ಚೀಲದಲ್ಲಿರಬೇಕು ಎಂದ. ಪತ್ತೇದಾರ ಚೀಲವನ್ನು ಮೇಜಿನ ಮೇಲೆ ಬೋರಲು ಹಾಕಿದ. ಸ್ಕ್ರೂಡ್ರೈವರು, ಟೇಪು, ಅರ್ಧ ತಿಂದ ಬಿಸ್ಕತ್ತಿನ ಪೊಟ್ಟಣ. ಕೀ ಇರಲಿಲ್ಲ.

ಎಂಥ ಹೊತ್ತಿನಲ್ಲೂ ತಮಾಷೆ ಮಾಡುವ ಹುಡುಗ ಈಗ ತಲೆ ತಗ್ಗಿಸಿದ. ರೋಲರನ್ನು ಮತ್ತೆ ಮತ್ತೆ ಒರೆಸತೊಡಗಿದ. ಲಿಫ್ಟಮ್ಮ ಫೋನನ್ನು ಅವನ ಕಣ್ಣೆದುರು ಹಿಡಿದಳು. ನಾಲ್ಕನೇ ಮಹಡಿಯ ಮಧ್ಯಾಹ್ನಗಳೆಲ್ಲ ಅಲ್ಲಿ ಒಂದರ ಕೆಳಗೊಂದು ಇದ್ದವು. ಅವನು ನೋಡಿದ. ಕಣ್ಣು ತಪ್ಪಿಸಿದ.

ಪತ್ತೇದಾರ ಒಂದು ಸ್ಟೂಲು ಎಳೆದು ಕೂತು, ತಗ್ಗಿದ ದನಿಯಲ್ಲಿ, ಇದು ಪೊಲೀಸರ ಕೈಗೆ ಹೋದರೆ ಮೊದಲು ಕೇಳುವುದು ನಿನ್ನನ್ನೇ ಎಂದ. ಅದಕ್ಕೂ ಹುಡುಗ ಜಗ್ಗಲಿಲ್ಲ. ಮಾತು ಕೊಟ್ಟಿದ್ದೇನೆ, ಹೇಳೋದಕ್ಕಾಗಲ್ಲ ಎಂದಷ್ಟೇ ಅಂದ.

“ಯಾರಿಗೆ ಕೊಟ್ಟಿದ್ದೀಯ ಮಾತು?” ಲಿಫ್ಟಮ್ಮ ಅವನ ಕೈಯಿಂದ ರೋಲರು ಕಿತ್ತುಕೊಂಡಳು. “ಆ ಅಜ್ಜನ ಮಗಳು ಅನ್ನ ನೀರು ಬಿಟ್ಟು ಕೂತಿದ್ದಾಳೆ ಕಣೋ. ನನ್ನ ಮುಖ ನೋಡಿ ಹೇಳು. ಆ ಕೀ ತಿರುಗಿಸ್ತಿರೋದು ನೀನಾ?”

ಅವನು ಕೊನೆಗೂ ತಲೆಯೆತ್ತಿದ. ಕಣ್ಣು ತುಂಬಿಕೊಂಡಿತ್ತು.

“ನಾನಲ್ಲ ಅತ್ತಿಗೆ. ಕೀ ಅಪ್ಪನ ಹತ್ರ ಇದೆ.”

ಲಿಫ್ಟಮ್ಮ ಬೆತ್ತದ ಕುರ್ಚಿಯ ಕಡೆ ನೋಡಿದಳು. ಮಂಡಿನೋವು ಎಂದು ಅಂಗಡಿಯ ಎರಡು ಮೆಟ್ಟಿಲು ಏರುವುದಕ್ಕೂ ಅವಳ ಭುಜ ಹಿಡಿಯುವ ಮಾವನವರು. ಪಾರ್ಕಿನ ಬೆಂಚು. ಮನೆಯಲ್ಲಿ ಇತ್ತೀಚೆಗೆ ಊಟ ಸಾಲುತ್ತಿಲ್ಲ ಎಂದು ಅತ್ತೆಯವರು ಗೊಣಗುತ್ತಿದ್ದದ್ದು ಈಗ ಅರ್ಥವಾಯಿತು.

ಒಂದು ಸಲ ಬಾಯಿಬಿಟ್ಟ ಮೇಲೆ ಮೈದುನ ಎಲ್ಲವನ್ನೂ ಗಡಗಡನೆ ಹೇಳಿ ಮುಗಿಸಿದ. ಮುದ್ರೆ ಕೆತ್ತುವ ಅಜ್ಜನೂ ಮಾವನವರೂ ಹಳೆಯ ಗೆಳೆಯರು. ಆ ಕಟ್ಟಡದ ಲಿಫ್ಟ್ ಕೂರಿಸಿದ ಕಾಲದಿಂದ ಇಸ್ಪೀಟಿನ ಜೋಡಿ. ಅಣ್ಣನ ಮಗ ಮನೆ ಸೇರಿಕೊಂಡ ಮೇಲೆ ಯಾರು ಯಾರೋ ಬಂದು ಹೋಗತೊಡಗಿದರು. ಯಾವುದೋ ಮುದ್ರೆಯ ಪಡಿಯಚ್ಚು ಕೆತ್ತಿಕೊಡು ಎಂದು ಅಜ್ಜನಿಗೆ ದಿನಾ ಪೀಡನೆ. ಒಲ್ಲೆ ಎಂದದ್ದಕ್ಕೆ ಹೊರಗಡೆ ಬಿಡುವುದನ್ನೇ ನಿಲ್ಲಿಸಿದರು. ಮಗಳಿಗೆ ಹೇಳಿದರೆ ಅವಳಿಗೂ ಒಂದು ಗತಿ ಕಾಣಿಸುತ್ತೇವೆ ಎಂದರು. ಒಂದು ಸಂಜೆ ಅಣ್ಣನ ಮಗ ಸ್ನಾನಕ್ಕೆ ಹೋದಾಗ ಅಜ್ಜ ಉಟ್ಟ ಬಟ್ಟೆಯಲ್ಲೇ ಬಾಗಿಲು ದಾಟಿದರು. ಗೇಟಿನಾಚೆ ಆ ಜನರ ಕಣ್ಣಿಗೆ ಬೀಳುವ ಭಯ; ಅದಕ್ಕೇ ನಾಲ್ಕನೇ ಮಹಡಿ. ಲಿಫ್ಟಿನಲ್ಲಿ ಏನು ಮಾಡಬೇಕು, ಕೀ ಹೇಗೆ ತಿರುಗಿಸಬೇಕು ಎಂದು ಮಾವನವರು ಮೊದಲೇ ಕಲಿಸಿ, ಗೊಂಚಲನ್ನು ಲಿಫ್ಟಿನ ಮುಚ್ಚಳದ ಹಿಂದೆಯೇ ಇಟ್ಟು ಬಂದಿದ್ದರು.

“ಯಾವ ಮುದ್ರೆ?” ಪತ್ತೇದಾರನ ಕಣ್ಣು ಕಿರಿದಾಯಿತು.

“ಅಪ್ಪ ಹೇಳಲಿಲ್ಲ. ತಿಳ್ಕೊಂಡವರಿಗೆಲ್ಲ ಅಪಾಯ ಅಂದ್ರು.”

ಹಾಗಾದರೆ ಅಜ್ಜ ಎಲ್ಲಿದ್ದಾರೆಂದು ಅಣ್ಣನ ಮಗನಿಗೂ ಗೊತ್ತಿರಲಿಲ್ಲ. ಜಗಳ ಹೊರಗೆ ಬಾರದಿರಲಿ ಎಂದು ಲಿಫ್ಟಿನ ಕಥೆ ಕಟ್ಟಿ, ತಾನೂ ಒಳಗೊಳಗೇ ಹುಡುಕುತ್ತಿದ್ದ. ಇಷ್ಟು ಯೋಚಿಸುವಷ್ಟರಲ್ಲಿ ಲಿಫ್ಟಮ್ಮನಿಗೆ ನೆನಪಾಯಿತು. ಮೆಟ್ಟಿಲ ತಿರುವು. ರಬ್ಬರಿನ ಶೂ. ನಾಲ್ಕನೇ ಮಹಡಿ ಎಂದು ತನ್ನ ಬಾಯಿಂದಲೇ, ಅಷ್ಟು ಗಟ್ಟಿಯಾಗಿ, ಅವನಿಗೆ ಹೇಳಿಕೊಟ್ಟು ಬಂದಿದ್ದಳು.

ಕೈಯಲ್ಲಿದ್ದ ಫೋನು ನಡುಗಿತು. ತೆರೆಯ ಮೇಲೆ ಕೆಂಪು ಅಕ್ಷರ. ಅದೇ ಕಟ್ಟಡ, ನಾಲ್ಕನೇ ಮಹಡಿ: ಬಾಗಿಲು ತೆರೆದಿದೆ, ಲಿಫ್ಟ್ ಅಲ್ಲಿಲ್ಲ.

ಮೈದುನ ಇಣುಕಿ ನೋಡಿ ಬಿಳಿಚಿಕೊಂಡ. ಲಿಫ್ಟ್ ಇಲ್ಲದ ಬಾಗಿಲು ತೆರೆದರೆ ಎದುರಿಗಿರುವುದು ನೆಲದವರೆಗಿನ ಕತ್ತಲ ಬಾವಿ ಒಂದೇ.

*

ಮೈದುನನನ್ನು ಪೊಲೀಸ್ ಠಾಣೆಗೆ ಅಟ್ಟಿ ಇಬ್ಬರೂ ಓಡಿದರು. ಗೇಟು ದಾಟಿದ ಕೂಡಲೇ ಪತ್ತೇದಾರ ತಾನು ಹಿಂದಿನ ಮೆಟ್ಟಿಲಿನಿಂದ ಹತ್ತುತ್ತೇನೆ, ನೀವು ಮುಂದೆ ನಿಲ್ಲಿ ಎಂದು ಸನ್ನೆ ಮಾಡಿ ಆ ಭಾರದ ಮೈ ಹೊತ್ತು ಮೂಲೆ ತಿರುಗಿದ.

ಲಿಫ್ಟ್ ಮೂರನೇ ಮಹಡಿಯಲ್ಲಿತ್ತು. ಲಿಫ್ಟಮ್ಮ ಗುಂಡಿ ಒತ್ತಿದಳು. ಒತ್ತಿದ ಮೇಲೆ, ಬಾವಿಯೊಳಗೆ ಏನಾಗಿದೆಯೋ ತಿಳಿಯದೆ ಒತ್ತಬಾರದಿತ್ತು ಎನಿಸಿತು. ಆಗಲೇ ಹಗ್ಗಗಳು ಗುಂಯ್‌ಗುಡತೊಡಗಿದ್ದವು. ಸದ್ದು ಎಂದಿನಂತಿರಲಿಲ್ಲ. ಸ್ವಲ್ಪ ತಗ್ಗಿ, ಬಿಗಿಯಾಗಿ, ಭಾರ ಹೊತ್ತವರು ಉಸಿರು ಹಿಡಿದು ಇಳಿದ ಹಾಗಿತ್ತು. ಮಾವನವರು ಕಿವಿ ಕಿವಿ ಎನ್ನುತ್ತಿದ್ದದ್ದು ಇದನ್ನೇ ಇರಬೇಕು.

ಬಾಗಿಲು ತೆರೆಯಿತು. ಒಳಗೆ ಯಾರೂ ಇರಲಿಲ್ಲ. ನಾಲ್ಕು ಗೋಡೆ, ಒಂದು ಕನ್ನಡಿ, ಕನ್ನಡಿಯಲ್ಲಿ ಅವಳದೇ ಬೆವೆತ ಮುಖ. ಅವಳು ಇನ್ನೂ ಹೊರಗೇ ನಿಂತಿದ್ದಳು.

ಫೋನು ನೋಡಿಕೊಂಡಳು. ನೂರ ಹದಿನೈದು ಕೆ.ಜಿ.

ಪೆಟ್ಟಿಗೆ ಕೆಟ್ಟಿರಬೇಕು ಎಂದುಕೊಂಡಳು ಮೊದಲು. ಆಮೇಲೆ ಲೆಕ್ಕ ತಾನಾಗಿ ಕೂಡಿಕೊಂಡಿತು. ಐವತ್ತೆರಡು ಅಜ್ಜನದು. ಉಳಿದದ್ದು ಮಾವನವರ ತೂಕ. ಪ್ರತಿ ತಿಂಗಳು ಆಸ್ಪತ್ರೆಗೆ ಕರೆದೊಯ್ಯುವವಳು ಅವಳೇ. ಹಗ್ಗ ತೂಗುವುದು ಒಳಗಿದ್ದವರನ್ನು ಮಾತ್ರವಲ್ಲ. ಮೂರನೇ ಮಹಡಿಯಲ್ಲಿ ಲಿಫ್ಟ್ ನಿಂತಾಗ ಅದರ ನೆತ್ತಿ ನಾಲ್ಕನೇ ಮಹಡಿಯ ಹೊಸ್ತಿಲಿಗೆ ಬರುತ್ತದೆ. ಯಾರೋ ಮೆಟ್ಟಿಲಿನ ಕಡೆಯ ಬೀಗ ಒಡೆಯುತ್ತಿದ್ದಾಗ ಬಾಗಿಲನ್ನು ಕೀಯಿಂದ ತೆರೆದು ಆ ನೆತ್ತಿಯ ಮೇಲೆ ಹೋಗಿ ಕೂರುವುದೊಂದೇ ಇಬ್ಬರು ಮುದುಕರಿಗೆ ಉಳಿದಿದ್ದ ದಾರಿ.

ಅವಳು ಮೆಲ್ಲಗೆ ಚಾವಣಿಯತ್ತ ಕತ್ತೆತ್ತಿದಳು. ಮಾತಾಡಬೇಕೆನ್ನುವಷ್ಟರಲ್ಲಿ ಮುಂದಿನ ಮೆಟ್ಟಿಲಿನಲ್ಲಿ ಯಾರೋ ಇಳಿದು ಬಂದರು.

ಅಣ್ಣನ ಮಗ. ಅಂಗಿಯ ಇಸ್ತ್ರಿ ಮುದುಡಿತ್ತು, ತೋಳಿಗೆಲ್ಲ ಧೂಳು. ಅವಳನ್ನು ಕಂಡು ಒಂದು ಗಳಿಗೆ ನಿಂತ. ಆಮೇಲೆ ಎಂದಿನ ನಗೆ ಮುಖಕ್ಕೆ ಬಂತು.

“ಅರೆ, ಮತ್ತೆ ಬಂದ್ರಾ ಮೇಡಂ. ಲಿಫ್ಟ್ ಸರಿ ಇದೆ ತಾನೇ?”

ಇಲ್ಲ, ಹಗ್ಗದ ಕೆಲಸವಿದೆ, ಮೆಟ್ಟಿಲಲ್ಲೇ ಹೋಗಿ ಎಂದಳು. ಈಗ ತಾನೇ ಚೆನ್ನಾಗಿ ಇಳಿದು ಬಂತಲ್ಲ ಎನ್ನುತ್ತ ಅವನು ಅವಳನ್ನು ದಾಟಿ ಒಳಗೆ ಕಾಲಿಟ್ಟ. ಏಳನ್ನು ಒತ್ತಿದ.

ಹಳೆಯ ಕಟ್ಟಡ ಅದು. ಏಳನೇ ಮಹಡಿಗೆ ಹೋಗಿ ನಿಂತಾಗ ಲಿಫ್ಟಿನ ನೆತ್ತಿಗೂ ಮೇಲಿನ ಕಾಂಕ್ರೀಟಿಗೂ ನಡುವೆ ಮುದುಡಿ ಕೂತ ಮನುಷ್ಯನಿಗೂ ಜಾಗ ಸಾಲದು. ಲಿಫ್ಟಿನ ನೆತ್ತಿಯ ಮೇಲೆ ಅದನ್ನು ನಿಲ್ಲಿಸುವ ಸ್ವಿಚ್ಚು ಒಂದಿದೆ, ನಿಜ. ಆ ಕತ್ತಲಲ್ಲಿ ಮಾವನವರ ಕೈಗೆ ಅದು ಸಿಗಬೇಕಲ್ಲ. ಅವಳ ಫೋನೋ, ಎಲ್ಲವನ್ನೂ ನೋಡಬಲ್ಲದು, ಯಾವುದನ್ನೂ ನಿಲ್ಲಿಸಲಾರದು.

ಮುಚ್ಚಿಕೊಳ್ಳುತ್ತಿದ್ದ ಬಾಗಿಲಿಗೆ ಭುಜ ಕೊಟ್ಟು ಅವಳೂ ಒಳಗೆ ನುಗ್ಗಿದಳು. ಲಿಫ್ಟ್ ನಿಲ್ಲಿಸುವ ಕೆಂಪು ಗುಂಡಿಗೆ ಅಡ್ಡವಾಗಿ ನಿಂತು, ಬೆನ್ನ ಹಿಂದೆ ಬೆರಳನ್ನು ಅದರ ಮೇಲಿಟ್ಟಳು. ಒತ್ತಿದರೆ ಮೇಲೆ ಯಾರೋ ಇದ್ದಾರೆಂದು ಇವನಿಗೆ ತಿಳಿಯುತ್ತದೆ. ಪತ್ತೇದಾರ ಇಷ್ಟು ಹೊತ್ತಿಗೆ ಎಷ್ಟು ಮಹಡಿ ಹತ್ತಿರಬಹುದು? ಲಿಫ್ಟ್ ಮೇಲೇರತೊಡಗಿತು. ಒಂದು. ಎರಡು. ಏಳು ಮುಟ್ಟುವ ಮೊದಲು ಏನಾದರೂ ಮಾಡಲೇಬೇಕು.

ಅವನು ಕನ್ನಡಿಯಲ್ಲಿ ಕೂದಲು ಸರಿಮಾಡಿಕೊಳ್ಳುತ್ತಿದ್ದ. ಹಾಗೇ ಅವನ ದೃಷ್ಟಿ ಕನ್ನಡಿಯೊಳಗಿಂದ ಅವಳ ಇನ್ನೊಂದು ಕೈಗೆ ಜಾರಿತು. ಅಲ್ಲಿ ಫೋನಿನ ತೆರೆ ಇನ್ನೂ ಬೆಳಗುತ್ತಿತ್ತು. ಅವನು ಪೂರ್ತಿ ತಿರುಗಿ, ಬಗ್ಗಿ, ಅಂಕಿಯನ್ನು ಓದಿಕೊಂಡ.

“ಇನ್ನೂರೈವತ್ತು,” ಎಂದ, ತೀರ ಮೆತ್ತಗೆ. ಅವನ ಕಣ್ಣು ಅವಳ ಮುಖದಿಂದ ಚಾವಣಿಗೆ ಏರಿತು. “ನಾವಿಬ್ಬರೇ ಅಷ್ಟು ತೂಗ್ತೀವಾ, ಲಿಫ್ಟಮ್ಮ?”